ಎದುರುಮನೆಯ ಮಿಲಿಟರಿ ಲಾರಿ

ಸ್ವಲ್ಪ ಹತ್ತಿರ ಬಂದು ಕೂತ್ಕೊಳ್ಳಿ, ಗಟ್ಟಿಯಾಗಿ ಹೇಳೋ ವಿಷಯ ಅಲ್ಲ ಇದು. ನಿಮ್ಮ ಕಿವಿಗೆ ಬಿದ್ದದ್ದು ನಿಮ್ಮ ಹೊಟ್ಟೆಯಲ್ಲೇ ಇರ್ಬೇಕು. ಬಣಕಲ್ ಪೇಟೇಲಿ ನಾನು ಹೇಳಿದ್ದು ಹತ್ತು ಹನ್ನೆರಡು ಜನಕ್ಕೆ ಮಾತ್ರ. ನಾನೇನು ಇಣುಕಿ ನೋಡೋಳಲ್ಲ ಮಾರಾಯ್ರೇ. ನಮ್ಮ ಜಗಲೀಲಿ ಕೂತ್ರೆ ಎದುರುಮನೆ ಸಾಹುಕಾರ್ರ ಅಂಗಳ ತಾನಾಗೇ ಕಾಣ್ತದೆ. ಮಿಲಿಟರಿಯವ್ರು ಬೇಡ ಅಂತ ಹರಾಜಿಗೆ ಹಾಕಿದ ಲಾರಿಯೊಂದನ್ನ ಅವ್ರು ತಂದು ನಿಲ್ಲಿಸಿದ್ಮೇಲಂತೂ, ಇಂಥದ್ದು ವಾರಕ್ಕೊಂದು ತಪ್ಪದೆ ಆಗ್ತಾನೇ ಇರ್ತದೆ.

ನಿಂಬೆಹಣ್ಣು

ಲಾರಿಯನ್ನ ಇನ್ನೊಂದು ಲಾರಿ ಎಳ್ಕೊಂಡು ಬಂತು. ಆವಾಗ್ಲೇ ನಂಗೆ ಅನುಮಾನ. ಭಟ್ರು ಬಂದು ಪೂಜೆ ಮಾಡಿ ಆರು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ರು. ಸಾಹುಕಾರ್ರು ಗತ್ತಿನಲ್ಲಿ ಹತ್ತಿ ಕೂತು ಗುಂಡಿ ಒತ್ತಿದ್ರು. "ಖ್ಞೂಂ" ಅಂತು, ಸುಮ್ಮನಾಯ್ತು. ಮೂಡಿಗೆರೆಯಿಂದ ಮೆಕ್ಯಾನಿಕ್ ಬಂದ, ಒಳಗೆ ಕೈ ಹಾಕಿದ, ಊಟ ಮಾಡಿ ಹೋದ. ಮೂರು ದಿನ ಇದೇ ಕತೆ.

ಸಾಹುಕಾರ್ರ ಹೆಂಡ್ತಿ ಅಂಗಳದಲ್ಲೇ ಹೇಳಿದ್ಲು, "ನೋಡಿ, ಕಾಫಿ ಕೊಯ್ಲು ಮುಗಿಯೋದ್ರೊಳಗೆ ಇದು ಒಂದೇ ಒಂದು ಉಪಯೋಗಕ್ಕೆ ಬರ್ಬೇಕು. ಇಲ್ದಿದ್ರೆ ಗುಜರಿಗೆ ಹಾಕೋಳು ನಾನೇ."

ಸಾಹುಕಾರ್ರ ಮುಖ ಬಾಡಿಹೋಯ್ತು. ಹುಟ್ಟಿದ ಮಗೂನ ಯಾರೂ ಅಷ್ಟು ಪ್ರೀತಿಯಿಂದ ಒರೆಸಿರಲಿಕ್ಕಿಲ್ಲ, ಅಷ್ಟು ಒರೆಸ್ತಿದ್ರು ಆ ಲಾರೀನ. ನಾಲ್ಕನೇ ದಿನ ಹೆಂಡ್ತಿ ಬಗ್ಗಿ ಆ ಆರೂ ನಿಂಬೆಹಣ್ಣು ಎತ್ಕೊಂಡು ಹೋಗಿ ಉಪ್ಪಿನಕಾಯಿ ಹಾಕಿದ್ಲು. ರುಚಿ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳ್ಲಿ.

ಬಣ್ಣ

ಅಂತೂ ಲಾರಿ ಸ್ಟಾರ್ಟ್ ಆಯ್ತು. ಆಗ ಮೆಕ್ಯಾನಿಕ್, "ಸಾರ್, ಮಿಲಿಟರಿ ಹಸಿರು ನಾವು ಇಟ್ಕೊಳ್ಳೋ ಹಾಗಿಲ್ಲ, ಬಣ್ಣ ಬದಲಾಯಿಸ್ಬೇಕು" ಅಂದ. ಮಗಳ ಮದುವೇಲಿ ಮನೆಗೆ ಹೊಡೆದು ಉಳಿದ ಗುಲಾಬಿ ಬಣ್ಣ ಡಬ್ಬಗಟ್ಟಲೆ ಇತ್ತು. "ಬ್ರಷ್ಷು ಯಾಕೆ, ತೋಟಕ್ಕೆ ಔಷಧಿ ಹೊಡೆಯೋ ಮಿಷನ್ ಇಲ್ವಾ?" ಅಂದ್ರು ಸಾಹುಕಾರ್ರು. ಬಣ್ಣ ತುಂಬಿಸಿ, ಪೈಪು ಹಿಡಿದು ಬಿಟ್ರು ನೋಡಿ!

ಗಾಳಿ ನಮ್ಮ ಕಡೆಗಿತ್ತು. ಲಾರಿಗೆ ಅರ್ಧ, ಉಳಿದದ್ದು ತೋಟದ ಲೆಕ್ಕ ಬರೆಯೋ ರೈಟರ ಬಿಳಿ ಪಂಚೆಗೆ, ನಮ್ಮ ಕೋಳಿಗೆ, ನಮ್ಮ ಹಸುವಿಗೆ. ಮಾರನೇ ದಿನ ಹಾಲು ಅಳೆಯಲಿಕ್ಕೆ ಮನೆಗೆ ಬಂದ ಡೈರಿಯವನು ಹಸುವನ್ನೂ ಕ್ಯಾನನ್ನೂ ಎರಡೆರಡು ಸಲ ನೋಡಿ ಕೇಳಿದ, "ಅಜ್ಜಿ, ಇದು ರೋಸ್ ಮಿಲ್ಕಾ?"

ಹಾರ್ನ್

ಮಿಲಿಟರಿ ಲಾರಿಗೆ ಇಪ್ಪತ್ನಾಲ್ಕು ವೋಲ್ಟಂತೆ. ಇವ್ರು ತಮ್ಮ ಹಳೇ ಕಾರಿನ ಹನ್ನೆರಡು ವೋಲ್ಟಿನ ಹಾರ್ನ್ ತಂದು ಸಿಕ್ಕಿಸಿದ್ರು. ಪೇಟೇಲಿ ಒಮ್ಮೆ ಒತ್ತಿದ್ದು, ಮತ್ತೆ ನಿಲ್ಲಲೇ ಇಲ್ಲ. ಬಸ್ಸುಗಳೆಲ್ಲ ಪಕ್ಕಕ್ಕೆ ಸರಿದ್ವು. ಯಾರೋ ಮಂತ್ರಿ ಬಂದ್ರು ಅಂತ ಊರ ಪುಢಾರಿಯೊಬ್ಬ ಹಾರ ಹಿಡ್ಕೊಂಡು ಓಡಿ ಬಂದ. ತಂದದ್ದು ವಾಪಸ್ ಒಯ್ಯೋದು ಹೇಗೆ ಅಂತ ರೇಡಿಯೇಟರಿಗೇ ಹಾಕಿ, ಕೈಮುಗಿದು ಹೋದ.

ಬಚ್ಚಲು

ಇದನ್ನ ಮಾತ್ರ ಖಂಡಿತ ಯಾರಿಗೂ ಹೇಳ್ಬೇಡಿ. ಲಾರಿಯ ಮುಂದೆ ಉಕ್ಕಿನ ಹಗ್ಗ ಸುತ್ತೋ ರಾಟೆ ಒಂದಿದೆ. ಕೆಸರಲ್ಲಿ ಹೂತ್ರೆ ಹಗ್ಗದ ತುದಿ ಮರಕ್ಕೆ ಕಟ್ಟಬೇಕು, ಲಾರಿ ತನ್ನನ್ನ ತಾನೇ ಎಳ್ಕೊಳ್ತದೆ. ಪರೀಕ್ಷೆ ಮಾಡೋಣ ಅಂತ ಸಾಹುಕಾರ್ರು ಹತ್ತಿರದ ಕಂಬಕ್ಕೆ ಕಟ್ಟಿದ್ರು. ಅದು ತಗಡಿನ ಬಚ್ಚಲುಮನೆಯ ಕಂಬ. ಹ್ಯಾಂಡ್ ಬ್ರೇಕ್ ತೆಗೆಯಲಿಕ್ಕೂ ಮರೆತ್ರು. ಲಾರಿ ಕದಲಲಿಲ್ಲ, ಬಚ್ಚಲೇ ಹೊರಟು ಬಂತು.

ಬಚ್ಚಲಿದ್ದ ಜಾಗದಲ್ಲಿ ಹೆಂಡ್ತಿಯ ಅಣ್ಣ! ಮೈತುಂಬ ಸೋಪು, ಕೈಯಲ್ಲಿ ಒಂದು ಚೊಂಬು, ಅಷ್ಟೆ. ನಾನು ಕಣ್ಣು ಮುಚ್ಕೊಂಡೆ. ಬೆರಳಸಂದೀಲಿ ಕಂಡದ್ದಕ್ಕೆ ನಾನೇನು ಮಾಡ್ಲಿ? ಆತ ಚೊಂಬು ಇಡೋ ಕಡೆ ಇಟ್ಕೊಂಡು ಕೂಗಿದ, "ಭಾವಾ, ಬಿಸಿನೀರು ಕಳಿಸಿ ಅಂದಿದ್ದು ನಾನು, ಬಚ್ಚಲು ಕಳಿಸಿ ಅಂದಿರ್ಲಿಲ್ಲ!"

ಗುಜರಿ

ಅಣ್ಣ ಮಧ್ಯಾಹ್ನದ ಬಸ್ಸಿಗೇ ಹೊರಟ. ತಂಗಿ ಸಂಜೆಯೇ ಗುಜರಿಯವನಿಗೆ ಫೋನ್ ಮಾಡಿದ್ಲು. ಸುದ್ದಿ ಪೇಟೆಗೆ ಮುಟ್ಟಿಸೋ ಶ್ರಮ ನಾನೇ ತಗೊಂಡೆ.

ಮಾರನೇ ದಿನ ಗುಜರಿಯವನು ತನ್ನ ಲಾರಿ ತಂದ. ಈಗೀಗ ಕೊಯ್ಲಲ್ಲೂ ಮಳೆ ಬರ್ತದಲ್ಲ, ಇಳಿಜಾರು ಪೂರಾ ಕೆಸರು. ಅವನ ಲಾರಿ ಜಾರಿ, ಗೇಟಿಗೆ ಅಡ್ಡವಾಗಿ, ಅಚ್ಚಿನವರೆಗೂ ಹೂತುಹೋಯ್ತು. ಹಿಂದೆ ಕಾಫಿಹಣ್ಣು ತುಂಬಿದ ಟ್ರ್ಯಾಕ್ಟರ್ ಬಂದು ನಿಂತಿದೆ, ಒಳಗೆ ಬರಲಿಕ್ಕೆ ಜಾಗ ಇಲ್ಲ. ಸಾಹುಕಾರ್ರು ತಮ್ಮ ಲಾರಿಯ ಮೆಟ್ಟಿಲ ಮೇಲೆ ಕೂತು, ಹೆಂಡ್ತಿಯ ಮುಖ ನೋಡಿದ್ರು.

"ನನ್ನ ಮುಖದಲ್ಲಿ ಏನಿದೆ? ಸರಪಳಿ ಕಟ್ಟಿ!" ಅಂದ್ಲು.

ಲಾರಿ ಒಂದೇ ಸಲಕ್ಕೆ ಸ್ಟಾರ್ಟ್! ಮೊದಲ ಎಳೆತಕ್ಕೆ ಗುಜರಿಯವನ ಬಂಪರ್ ಮಾತ್ರ ಬಂತು. ಎರಡನೇ ಎಳೆತಕ್ಕೆ ಒಂದು ಬಾಗಿಲು. ಮೂರನೇದಕ್ಕೆ ಉಳಿದದ್ದೆಲ್ಲ. ಗುಜರಿಯವನು ಬಾಗಿಲನ್ನ ಕಂಕುಳಲ್ಲಿ ಇಟ್ಕೊಂಡು, "ಅಮ್ಮಾ, ತೂಕಕ್ಕೆ ಹಾಕ್ಬೇಕಾದ್ದು ಯಾವ ಲಾರಿ ಅಂತ ಈಗ ಗೊತ್ತಾಯ್ತು" ಅಂತ ಹೊರಟೇಹೋದ.

ನಂಗೆ ತಡೀಲಿಲ್ಲ. ಸೀದಾ ಅವಳ ಅಂಗಳಕ್ಕೇ ಹೋದೆ. "ಏನೇ ಮಾರಾಯ್ತಿ, ಗುಜರಿಗೆ ಹಾಕ್ತೀನಿ ಅಂದಿದ್ದೆ? ನಾನು ಊರಿಗೆಲ್ಲ ಹೇಳಿಬಿಟ್ಟಿದ್ದೀನಲ್ಲೇ!"

ಅವಳು ನಕ್ಕು, ನನ್ನ ಮುಖಕ್ಕೇ ಹೇಳಿದ್ಲು:

"ಇರ್ಲಿ ಬಿಡಿ ದೊಡ್ಡಮ್ಮ. ಎದುರಿಗೆ ನಿಮ್ಮನ್ನ ಇಟ್ಕೊಂಡು ಇಷ್ಟು ವರ್ಷ ಬದುಕಿಲ್ವಾ? ಈ ಲಾರಿ ಡೀಸೆಲ್ ಮುಗಿದ್ರಾದ್ರೂ ನಿಲ್ತದೆ."