ಅಸ್ಕರನ ಕಣ್ಣು ಸರಿ ಉಂಟು

ದುಬೈಯಿಂದ ಬಂದ ಒಂದು ಗಾಜು ಅಸ್ಕರನ ಕ್ಯಾಮೆರಾದ ಮೇಲೆ ಕುಳಿತು ಹದಿನೈದು ದಿನವಾಗಿತ್ತು. ಅಸ್ಕರನದು ಬಂಟ್ವಾಳ ಪೇಟೆಯಲ್ಲಿ ಮಹಡಿ ಮೇಲಿನ ಸ್ಟುಡಿಯೋ. ಗಾಜು ತಂದವರು ಅವನ ಹೆಂಡತಿ ಸಜ್ನಾಳ ಅಣ್ಣ ಬಾವಾಕ. "ಇದು ಫಿಲ್ಟರ್. ಲೆನ್ಸಿಗೆ ಗೀರು ಬೀಳುವುದಿಲ್ಲ. ತೆಗೀಬೇಡ" ಎಂದು ತಾವೇ ತಿರುಗಿಸಿ ಕೂರಿಸಿ ಹೋಗಿದ್ದರು. ಗಲ್ಫಿನಿಂದ ಬಂದ ರಿಮೋಟಿನ ಪ್ಲಾಸ್ಟಿಕ್ಕನ್ನೇ ಹತ್ತು ವರ್ಷ ಬಿಚ್ಚದ ಮನೆ ಅದು. ಭಾವ ಹಾಕಿದ ಗಾಜನ್ನು ತೆಗೆಯುವ ಧೈರ್ಯ ಯಾರಿಗಿದೆ?

ಕಳೆದ ಭಾನುವಾರ ಮೂಡುಬಿದಿರೆಯಲ್ಲಿ ಅಬ್ದುಲ್ ರಹಿಮಾನ್ ಹಾಜಿಯವರ ಮದುವೆ ಹಾಲ್‌ನಲ್ಲಿ ಅವನಿಗೆ ಪರೀಕ್ಷೆಯಿತ್ತು. ಫೋಟೋ ಹಾಜಿಯವರಿಗೆ ಹಿಡಿಸಿದರೆ ಈ ವರ್ಷ ಅಲ್ಲಿಯ ಮದುವೆಗಳೆಲ್ಲ ಅವನಿಗೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಸರಿಯಾಗಿ ಕಂಡಿದ್ದರಿಂದ ಇವತ್ತು ಬೆಳಿಗ್ಗೆ ಹಾಗೆಯೇ ಹಾಲ್‌ನ ವಾಟ್ಸಾಪ್ ಗುಂಪಿಗೆ ಕಳಿಸಿದ್ದ. ಹತ್ತಿರದಿಂದ ತೆಗೆದ ಬಿರಿಯಾನಿ ಅಗುಳು ಅಗುಳಾಗಿ ಬಂದಿತ್ತು. ದೂರದಿಂದ ಅದೇ ಲೆನ್ಸನ್ನು ಝೂಮ್ ಮಾಡಿ ತೆಗೆದ ಮದುಮಗಳು ಮಾತ್ರ ಒದ್ದೆ ಕೈ ತಾಗಿದ ಮೆಹೆಂದಿಯಂತೆ ಹರಡಿದ್ದಳು.

ಹಾಜಿಯವರ ಫೋನ್ ಬಂತು. "ಅಸ್ಕರ್, ಇದು ಯಾರ ಮಗಳು ಅಂತ ಮದುಮಗಳ ತಂದೆಯೇ ಕೇಳ್ತಾರೆ. ನಿಮ್ಮ ಕಣ್ಣಿಗೆ ಏನಾದರೂ ಉಂಟಾ? ಮಧ್ಯಾಹ್ನದೊಳಗೆ ಸರಿಯಾದ ಒಂದು ಫೋಟೋ ತೋರಿಸಿ. ಇಲ್ಲದಿದ್ದರೆ ಬೇರೆಯವರನ್ನು ನೋಡ್ತೇನೆ."

ಅಸ್ಕರನ ಮೈ ಉರಿಯಿತು. ಹದಿನಾರು ವರ್ಷ ಊರಿನವರ ಮುಖ ನೋಡಿದ ಕಣ್ಣಿಗೆ ಈ ಮಾತೇ?

ಅಷ್ಟರಲ್ಲಿ ಸುದ್ದಿ ಪೇಟೆಗೆಲ್ಲ ಹಬ್ಬಿತ್ತು. ಕೆಳಗಿನ ಟೈಲರ್ ನೋಣಯ್ಯ ಟೇಪು ಕುತ್ತಿಗೆಯಲ್ಲಿಟ್ಟುಕೊಂಡೇ ಹತ್ತಿ ಬಂದು ಕಿಟಕಿಯ ಹೊರಗೆ ಕೈ ತೋರಿಸಿದ. "ಆ ಬಸ್ಸಿನ ಬೋರ್ಡ್ ಓದು ನೋಡುವ."

"ಬೆಳ್ತಂಗಡಿ, ಚಾರ್ಮಾಡಿ. ಡ್ರೈವರ್ ಗಡ್ಡ ತೆಗೆದಿಲ್ಲ."

"ಅದು ದಿನಾ ನೋಡುವ ಬಸ್ಸಲ್ಲವಾ ಮಾರಾಯ. ಬಾಯಿಪಾಠ ಇರ್ತದೆ."

ಹಿಂದೆಯೇ ಪಕ್ಕದ ಮನೆಯ ಬೀಫಾತಿಮಾ ದೊಡ್ಡ ಲೋಟದಲ್ಲಿ ಕ್ಯಾರೆಟ್ ರಸ ತಂದರು. "ಕುಡಿ ಮೋನೇ. ನಮ್ಮ ಬಾಪನಿಗೂ ಹೀಗೇ ಶುರುವಾದದ್ದು. ಕೊನೆಗೆ ಆಡು ಯಾವುದು, ಅಳಿಯ ಯಾರು ಅಂತ ಗೊತ್ತಾಗ್ತಿರಲಿಲ್ಲ."

ಸಜ್ನಾ ಫೋನ್ ಮಾಡಿದಳು. "ಅಣ್ಣ ಆ ಗಾಜು ಹಾಕದಿದ್ದರೆ ಇಷ್ಟೂ ಬರ್ತಿರಲಿಲ್ಲವಂತೆ."

"ನನಗೆ ಏನೂ ಆಗಿಲ್ಲ" ಎಂದು ಅಸ್ಕರ್ ಲೋಟವನ್ನು ತಳ್ಳಿದ. ರಸ ನೇರ ಹೋಗಿ ಮೇಜಿನ ಮೇಲಿದ್ದ ಕ್ಯಾಮೆರಾದ ಫಿಲ್ಟರಿನ ಮೇಲೆ ಬಿತ್ತು. ತೊಳೆಯದೆ ಉಪಾಯವಿರಲಿಲ್ಲ. ಹದಿನೈದು ದಿನದಲ್ಲಿ ಮೊದಲ ಸಲ ಗಾಜನ್ನು ತಿರುಗಿಸಿ ತೆಗೆದು, ತೊಳೆದು ಒಣಗಲಿಟ್ಟ. ನೋಣಯ್ಯನ ಬಾಯಿ ಮುಚ್ಚಿಸಬೇಕೆಂದು ಅದೇ ಸಿಟ್ಟಿನಲ್ಲಿ ಕಿಟಕಿಯಿಂದ ಪೇಟೆಯ ಆ ಕೊನೆಯ ಹೋಟೆಲಿನ ಫೋಟೋ ಹೊಡೆದ. ಕಂಪ್ಯೂಟರಿಗೆ ಹಾಕಿದರೆ ಗೋಡೆಯ ಬೆಲೆಪಟ್ಟಿ ಓದುವ ಹಾಗಿತ್ತು. ಗಾಜು ಹಾಕಿ ಹೊಡೆದ, ಮಬ್ಬು. ತೆಗೆದು ಹೊಡೆದ, ಸ್ಪಷ್ಟ.

"ಗಾಜು ಸಮ ಇಲ್ಲ ನೋಣಯ್ಯಣ್ಣ. ಬೆಳಕನ್ನು ಒಂದು ಕಡೆ ಅತ್ತ, ಇನ್ನೊಂದು ಕಡೆ ಇತ್ತ ತಳ್ತದೆ. ಹತ್ತಿರದ್ದಕ್ಕೆ ಗೊತ್ತಾಗುವುದಿಲ್ಲ. ದೂರದ್ದನ್ನು ಎಳೆದು ದೊಡ್ಡದು ಮಾಡಿದರೆ ಗಾಜಿನ ತಪ್ಪೂ ದೊಡ್ಡದಾಗ್ತದೆ."

"ಹಾಗಾದರೆ ಕಣ್ಣು?"

"ಸರಿಯೇ ಇತ್ತು. ಬೆಳಗಿನಿಂದ ನೀವೆಲ್ಲ ಬೈದದ್ದು ತಪ್ಪು ಮನುಷ್ಯನಿಗೆ."

ಎರಡೂ ಫೋಟೋಗಳನ್ನು ಗುಂಪಿಗೆ ಹಾಕಿ ಬರೆದ: "ಮೊದಲನೆಯದು ಗಾಜಿನೊಂದಿಗೆ, ಎರಡನೆಯದು ಗಾಜಿಲ್ಲದೆ. ಚೆನ್ನಾಗಿ ದೊಡ್ಡದು ಮಾಡಿ ನೋಡಿ. ಇನ್ನು ಯಾರೂ ನನ್ನ ಕಣ್ಣಿನ ಸುದ್ದಿಗೆ ಬರಬಾರದು."

ಎಲ್ಲರೂ ದೊಡ್ಡದು ಮಾಡಿ ನೋಡಿದರು. ಹೆಬ್ಬೆರಳುಗಳು ಸಾಲಾಗಿ ಎದ್ದವು. ಮದುಮಗಳ ತಂದೆಯೂ ಒಪ್ಪಿದರು. ಅನಂತರ ಹಾಜಿಯವರ ಹೆಂಡತಿ ಮೈಮೂನಮ್ಮನ ವಾಯ್ಸ್ ಮೆಸೇಜ್ ಬಂತು.

"ಮಾಶಾ ಅಲ್ಲಾಹ್, ತುಂಬ ಕ್ಲಿಯರ್ ಉಂಟು. ಬೆಲೆಪಟ್ಟಿಯ ಕೆಳಗೆ ಕೂತವರು ನಮ್ಮ ಹಾಜಿಯವರಲ್ಲವಾ? ಖಾಲಿ ಹೊಟ್ಟೆಯಲ್ಲಿ ಶುಗರ್ ಟೆಸ್ಟ್ ಮಾಡಿಸ್ತೇನೆ ಅಂತ ಬೆಳಿಗ್ಗೆ ಬಂಟ್ವಾಳಕ್ಕೆ ಹೊರಟವರು. ಕೈಯಲ್ಲಿರುವುದು ಹಲ್ವ. ಗೋಡಂಬಿ ಸಹ ಕಾಣ್ತದೆ."

ಗುಂಪಿನಲ್ಲಿ ಹೆಬ್ಬೆರಳುಗಳು ನಿಂತುಹೋದವು. ಐದು ನಿಮಿಷ ಬಿಟ್ಟು ಹಾಜಿಯವರ ಫೋನ್ ಬಂತು. ಧ್ವನಿ ಬಹಳ ಮೆತ್ತಗಿತ್ತು.

"ಅಸ್ಕರ್, ನಿಮ್ಮ ಕಣ್ಣು ಸರಿ ಉಂಟು, ಒಪ್ಪಿದೆ. ಆದರೆ ನಮ್ಮ ಹಾಲ್‌ಗೆ ಬರುವವರೆಲ್ಲ ಮನೆಯಲ್ಲಿ ಏನಾದರೂ ಒಂದು ಹೇಳಿ ಬರುವವರು. ಬೇರೆ ಒಬ್ಬರು ಸಿಕ್ಕಿದ್ದಾರೆ. ಪಾಪ, ಅವರಿಗೆ ದೂರದ್ದು ಕಾಣುವುದಿಲ್ಲವಂತೆ."