ಪುಕ್ಕಟೆ ಸಿಸ್ಟಮ್ಮಿನ ಸಂಸಾರ

ತನಗೆ ತಿಳಿಯದ ವಿಷಯದಲ್ಲಿ ತೀರ್ಪು ಕೊಡುವ ಸುಖವೇ ಬೇರೆ. ಐವತ್ತು ದಾಟಿದ ಗಂಡಸರಿಗೆ ಅದು ಊಟದಷ್ಟೇ ಅಗತ್ಯ. ನಾನೂ ಅದೇ ಪಂಕ್ತಿಯಲ್ಲಿ ಕುಳಿತವನು.

ನನ್ನ ಹೆಂಡತಿ ಸುಮಿತ್ರಾ ಭಾನುವಾರ ಬೆಳಿಗ್ಗೆ ಮುಂಬಯಿಯ ದಹಿಸರ್‌ನ ನಮ್ಮ ಬಿಲ್ಡಿಂಗಿನ ಮಕ್ಕಳಿಗೆ ಕನ್ನಡ ಕಲಿಸುತ್ತಾಳೆ. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ಮಕ್ಕಳು. ಅವಳ ಪಾಠಗಳೆಲ್ಲ ಹಳೆಯ ಲ್ಯಾಪ್‌ಟಾಪಿನಲ್ಲಿದ್ದವು. ಹೊಸ ವಿಂಡೋಸನ್ನು ಹೊರುವ ಶಕ್ತಿ ತನಗಿಲ್ಲವೆಂದು ಅದು ಒಂದು ದಿನ ತಿಳಿಸಿಬಿಟ್ಟಿತು.

"ಹೊಸಾದು ತರೋಣೇನ್ರೀ?" ಎಂದಳು.

"ತಡಿ, ಎಲ್ಲಾ ಕಂಪೇರ್ ಮಾಡಿ ನೋಡ್ತೇನಿ" ಎಂದೆ.

ದಾದರ್‌ನ ಆಫೀಸಿಗೆ ಹೋಗುವ ಲೋಕಲ್ ರೈಲೇ ನನ್ನ ಅಧ್ಯಯನ ಪೀಠವಾಯಿತು. ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಮೊಬೈಲ್. ಮ್ಯಾಕ್ ಚಂದ, ಆದರೆ ಅದಕ್ಕೆ ಅವರದೇ ಕಂಪ್ಯೂಟರ್ ಕೊಳ್ಳಬೇಕು. ಅದರ ಬೆಲೆ ಓದುವಾಗ ಬೋರಿವಲಿಯಲ್ಲಿ ಹತ್ತಿದವನ ಮೊಣಕೈ ಪಕ್ಕೆಗೆ ತಿವಿದದ್ದೂ ನೋಯಲಿಲ್ಲ. ವಿಂಡೋಸ್ ಪರಿಚಿತ, ಆದರೆ ಹೊಸದಕ್ಕೆ ಹೊಸ ಯಂತ್ರ. ಲಿನಕ್ಸ್ ಹಳೆಯ ಯಂತ್ರದಲ್ಲೂ ಓಡುತ್ತದೆ, ಮೇಲಾಗಿ ಪುಕ್ಕಟೆ. ಆಫೀಸಿನ ಸಾವಂತನಂತೂ ಊಟದ ಡಬ್ಬಿಯಿಂದ ತಲೆಯೆತ್ತದೆ, "ಫುಕಟ್ ಹೈ ತೋ ಲೇ ಲೋ" ಎಂದ.

ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ವೇಗ, ಸುರಕ್ಷತೆ, ವೈರಸ್ಸು ಎಂದೆಲ್ಲ ಭಾಷಣ ಮಾಡಿದೆ. ಸುಮಿತ್ರಾ ರೊಟ್ಟಿ ಬಡಿಯುತ್ತಲೇ ಕೇಳಿದಳು: "ಅದೆಲ್ಲಾ ಇರ್ಲಿರೀ. ಅದರಾಗ ಕನ್ನಡ ಟೈಪ್ ಮಾಡ್ಲಿಕ್ಕೆ ಬರ್ತದೋ ಇಲ್ಲೋ?"

ಅದೊಂದನ್ನು ನಾನು ನೋಡಿರಲಿಲ್ಲ. "ಬರ್ತದ, ಬರ್ತದ" ಎಂದೆ.

ಶನಿವಾರ ಮಧ್ಯಾಹ್ನ ಪಾಠಗಳನ್ನು ಪೆನ್‌ಡ್ರೈವಿಗೆ ಇಳಿಸಿ, ವಿಡಿಯೋ ನೋಡಿಕೊಂಡು ಲಿನಕ್ಸ್ ಹಾಕಿದೆ. ಲ್ಯಾಪ್‌ಟಾಪ್ ಲಗುಬಗೆಯಿಂದ ಎದ್ದಿತು. ಕನ್ನಡ ಮಾತ್ರ ಎಲ್ಲೂ ಇಲ್ಲ. ಯಾವ ಕೀಲಿ ಒತ್ತಿದರೂ ಇಂಗ್ಲಿಷೇ. ಬೆಳಗಾದರೆ ಮಕ್ಕಳು ಬರುತ್ತಾರೆ. ವಿಡಿಯೋವನ್ನು ಮತ್ತೆ ಮೊದಲಿನಿಂದ ಹಚ್ಚಿದೆ.

"ಸ್ವಲ್ಪ ಸರೀರಿ" ಎಂದು ಸುಮಿತ್ರಾ ಕುರ್ಚಿ ಎಳೆದುಕೊಂಡಳು. ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟೇ ನಿಧಾನವಾಗಿ ಒಂದೊಂದೇ ಮೆನು ತೆರೆದು ನೋಡಿದಳು. ಚಹಾದ ಹೊತ್ತಿಗೆ ಪರದೆಯ ಮೇಲೆ ಒಂದು 'ಅ' ಮೂಡಿತು. "ಬಂತು ನೋಡ್ರಿ!" ಎಂದಳು. ನನಗೆ ಹೋದ ಜೀವ ಬಂದಂತಾಯಿತು. ಜೊತೆಗೆ, ಸುಳ್ಳೇಕೆ, ಸಣ್ಣಗೆ ಹೊಟ್ಟೆಯೂ ಉರಿಯಿತು.

ಈಗ ಮಕ್ಕಳನ್ನು ಕರೆದೊಯ್ಯಲು ಬರುವ ತಾಯಂದಿರು ತಮ್ಮ ಹಳೆಯ ಲ್ಯಾಪ್‌ಟಾಪುಗಳನ್ನೂ ಬಗಲಲ್ಲಿಟ್ಟುಕೊಂಡು ಬರುತ್ತಾರೆ. ಯಾರಿಗೆ ಯಾವ ಸಿಸ್ಟಮ್ ಹೊಂದುತ್ತದೆಂದು ಸುಮಿತ್ರಾ ಹೇಳುತ್ತಾಳೆ. ಮೊನ್ನೆ ನಾನೂ ಗಂಟಲು ಸರಿಪಡಿಸಿಕೊಂಡು, "ನೋಡ್ರಿ, ಮೂರನ್ನೂ ತುಲನೆ ಮಾಡಿದರ..." ಎಂದು ಆರಂಭಿಸಿದೆ.

"ರೀ, ಇವರಿಗೆ ಚಹಾ ಇಡ್ರಿ" ಎಂದಳು.

ಇಟ್ಟೆ. ಸಕ್ಕರೆಯೋ ಬೆಲ್ಲವೋ ಎಂದು ಎರಡೂ ಡಬ್ಬಿ ಹಿಡಿದು ಗುಣದೋಷ ತೂಗುವಷ್ಟರಲ್ಲಿ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದಿತ್ತು.