‘ಮತ್ತೆ ಓದಿ ಬರೆಯಿರಿ’ ಎನ್ನುವ ಭಾವ

ಲೋಕಲ್ ಟ್ರೇನಿನಿಂದ ಇಳಿಯುವವರೆಲ್ಲ ಇಳಿದ ಮೇಲೆಯೇ ಹತ್ತಬೇಕೆಂದು ನಂಬಿರುವ ಗಂಡಸು ಇಡೀ ಮುಂಬೈಯಲ್ಲಿ ಯಾರಾದರೂ ಇದ್ದರೆ, ಅದು ನನ್ನ ಅಕ್ಕನ ಗಂಡ. ಸಯನ್ ಸ್ಟೇಷನ್ನಿನಲ್ಲಿ ಅವರು ಹತ್ತಿದ ಟ್ರೇನುಗಳಿಗಿಂತ ಬಿಟ್ಟುಕೊಟ್ಟವೇ ಹೆಚ್ಚು. ಇಂಥವರಿಗೆ ಅಕ್ಕನನ್ನು ಕೊಡಿಸಿದವರು ಯಾರು ಎಂದು ಕೇಳಬೇಡಿ. ಆ ಸಂಬಂಧ ತಂದವನು ನಾನೇ.

ಭಾವ ಮಲಾಡಿನ ಕಂಪನಿಯೊಂದರಲ್ಲಿ ಕಂಪ್ಯೂಟರಿನಲ್ಲಿ ದಾಖಲೆಗಳನ್ನು ಇಡುವ ಪ್ರೋಗ್ರಾಂ ಬರೆಯುತ್ತಾರೆ. ಒಂದೇ ದಾಖಲೆಯನ್ನು ಇಬ್ಬರು ಒಟ್ಟಿಗೆ ತಿದ್ದಲು ಹೊರಟರೆ ಏನು ಮಾಡಬೇಕು? ಇಪ್ಪತ್ತು ವರ್ಷಗಳಿಂದ ಅವರಿಗೆ ಇದೊಂದೇ ಯೋಚನೆ. ಅಷ್ಟು ವರ್ಷದಲ್ಲಿ ಮನುಷ್ಯನಿಗೆ ಜಗಳ ಬಿಡಿಸಲಾದರೂ ಬರಬೇಕಲ್ಲವೇ? ಅಕ್ಕ ಮತ್ತು ನಾನು ಒಟ್ಟಿಗೆ ಮಾತಾಡಿದರೆ ಕೈ ಎತ್ತುತ್ತಾರೆ.

“ಒಬ್ಬೊಬ್ಬರೇ ಹೇಳಿ. ಇಲ್ಲದಿದ್ರೆ ನಾನು ಯಾರದ್ದೂ ಕೇಳೋದಿಲ್ಲ.”

“ಒಬ್ಬಳೇ ಹೇಳಿದಾಗ ಕೇಳಿದ್ದು ಯಾವಾಗ?” ಎನ್ನುತ್ತಾಳೆ ಅಕ್ಕ.

ನಮ್ಮ ಕನ್ನಡ ಸಂಘದಲ್ಲಿ ರಕ್ತದಾನಿಗಳ ಪಟ್ಟಿಯೊಂದಿದೆ. ಕಲಬುರಗಿ, ವಿಜಯಪುರದ ಕಡೆಯಿಂದ ಕೂಲಿಗೆ ಬಂದವರಿಗೆ ಆಪರೇಷನ್ ಎಂದಾಗ ರಕ್ತ ಕೊಡಲು ಇಲ್ಲಿ ಬಂಧುಗಳಿರುವುದಿಲ್ಲ. ಸಂಘ ಒಬ್ಬರನ್ನು ಕಳಿಸುತ್ತದೆ. ಸಯನ್ನಿನಿಂದ ನಾನು, ಮಲಾಡಿನಿಂದ ಸಂಘದ ಇನ್ನೊಬ್ಬ ಸದಸ್ಯೆ ವಸಂತಕ್ಕ ಆ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ತುಂಬುತ್ತಿದ್ದೆವು. ಒಮ್ಮೆ ಇಬ್ಬರೂ ಒಬ್ಬನೇ ದಾನಿಯನ್ನು ಬೇರೆ ಬೇರೆ ರೋಗಿಗಳಿಗೆ ಬರೆದೆವು. ಆಮೇಲೆ ಬರೆದ ವಸಂತಕ್ಕನದು ಉಳಿಯಿತು, ನನ್ನದು ಅಳಿಸಿಹೋಯಿತು. ನನ್ನ ರೋಗಿಯ ತಮ್ಮ ಮಧ್ಯಾಹ್ನದವರೆಗೆ ಆಸ್ಪತ್ರೆಯ ಬಾಗಿಲಲ್ಲಿ ಕಾದು ಫೋನ್ ಮಾಡಿದ: “ಬರ್ತಾರ ಅಂದಿದ್ರಿ, ಯಾರೂ ಬರಲಿಲ್ರಿ.”

ಭಾವನಿಗೆ ಅಷ್ಟು ಸಾಕಾಯಿತು. “ಇದಕ್ಕೊಂದು ಪ್ರೋಗ್ರಾಂ ನಾನು ಬರೆದು ಕೊಡ್ತೇನೆ” ಎಂದರು. ಎಂಟು ತಿಂಗಳು ಹಿಡಿಯಿತು. ಅಷ್ಟರಲ್ಲಿ ನಮ್ಮೆದುರು ಒಂದು ಟವರ್ ಎದ್ದು ಜನ ಸಂಸಾರವನ್ನೂ ಹೂಡಿದ್ದರು. ಕೊನೆಗೆ ಬಂದದ್ದೇನು? ದಾನಿ, ರೋಗಿ, ದಿನ, ಈ ಮೂರೂ ಒಟ್ಟಿಗೆ ದಾಖಲಾಗಬೇಕು, ಇಲ್ಲವೇ ಒಂದೂ ಆಗಕೂಡದು. ನಾನು ದಾಖಲೆ ತೆರೆದು ಓದಿ, ತಿದ್ದಿ, ಸೇವ್ ಮಾಡುವಷ್ಟರಲ್ಲಿ ಬೇರೆಯವರು ಅದನ್ನು ಬದಲಿಸಿದ್ದರೆ ನನ್ನದು ಪೂರ್ತಿ ವಾಪಸ್. ಪರದೆಯ ಮೇಲೆ ಒಂದೇ ಸಾಲು: ‘ಈ ದಾಖಲೆ ಬದಲಾಗಿದೆ. ಮತ್ತೆ ಓದಿ ಬರೆಯಿರಿ.’

ವಸಂತಕ್ಕನ ಬೆರಳು ಚುರುಕು. ಒಮ್ಮೆ ಅವರು ದಾನಿಯೊಬ್ಬನ ಹೆಸರಿನ ಕಾಗುಣಿತ ತಿದ್ದಿದ್ದಕ್ಕೆ ನಾನು ಬರೆದದ್ದೆಲ್ಲ ತಿರುಗಿ ಬಂತು.

“ಭಾವ, ಒಂದು ದೀರ್ಘಕ್ಕೋಸ್ಕರ ಇಷ್ಟೂ ಹೋಯ್ತಲ್ಲ?”

“ದೀರ್ಘ ಅಂತ ನಿನಗೆ ಗೊತ್ತುಂಟು ಮಾರಾಯ. ಬದಲಾಗಿದೆ ಅಂತ ಮಾತ್ರ ಅದಕ್ಕೆ ಗೊತ್ತು.”

“ಅಂದ್ರೆ ಅದಕ್ಕೆ ನಿಮ್ಮಷ್ಟೇ ಬುದ್ಧಿ.”

“ಹೌದು,” ಎಂದರು ಸಂತೋಷದಿಂದ. ಹೊಗಳಿದೆ ಎಂದುಕೊಂಡಿರಬೇಕು.

ಕಳೆದ ತಿಂಗಳು ಧಾರಾವಿಯಿಂದ ಒಬ್ಬ ಹೆಂಗಸು ಫೋನ್ ಮಾಡಿದಳು. “ನಮ್ಮ ಮನೆಯವ್ರಿಗೆ ನಾಳೆ ಆಪರೇಷನ್ ಅದರಿ. ಆಸ್ಪತ್ರ್ಯಾಗ ರಕ್ತ ಅದಂತ್ರಿ, ಅದಕ್ಕ ಬದಲಿ ಯಾವ ಗ್ರೂಪಾದ್ರೂ ನಡೀತದಂತ್ರಿ, ಯಾರರೆ ಒಬ್ಬರು ರಕ್ತ ಕೊಡಬೇಕಂತ.” ಪಟ್ಟಿಯಲ್ಲಿ ಬಿಡುವಿದ್ದವನು ಒಬ್ಬನೇ. ಅವನ ಹೆಸರು ಹಾಕಿ ಒತ್ತಿದೆ. ಬದಲಾಗಿದೆ, ಮತ್ತೆ ಓದಿ. ಓದಿದೆ. ವಸಂತಕ್ಕ ಆಗಲೇ ಅವನನ್ನು ಮಲಾಡಿನ ರೋಗಿಗೆ ಕೊಟ್ಟಿದ್ದರು. ಉಳಿದವರಿಗೆ ಫೋನ್ ಮಾಡಿದೆ. ಒಬ್ಬ ಊರಿಗೆ ಹೋಗಿದ್ದ, ಇನ್ನೊಬ್ಬನಿಗೆ ಜ್ವರ. ನಾನೇ ಕೊಡೋಣವೆಂದರೆ ಹಿಂದಿನ ತಿಂಗಳಷ್ಟೇ ಕೊಟ್ಟಿದ್ದೆ. ಸಿಟ್ಟೆಲ್ಲ ಭಾವನ ಮೇಲೆ ತಿರುಗಿ ಅವರಿಗೆ ಫೋನ್ ಮಾಡಿದೆ.

“ನಿಮ್ಮ ಮೆಷಿನಿಗೆ ಆಗೋದಿಲ್ಲ ಅನ್ನೋದು ಬಿಟ್ಟು ಬೇರೇನಾದ್ರೂ ಬರ್ತದಾ?”

“ನೋಡಿದೆ,” ಎಂದಷ್ಟೇ ಹೇಳಿ ಫೋನ್ ಇಟ್ಟರು. ಎಂಥ ಕಲ್ಲು ಮನುಷ್ಯ!

ಮರುದಿನ ಬೆಳಿಗ್ಗೆ ಆ ಹೆಂಗಸಿನ ಕ್ಷಮೆ ಕೇಳಲೆಂದು ಆಸ್ಪತ್ರೆಗೆ ಹೋದೆ. ರಕ್ತ ತೆಗೆಯುವ ಕೋಣೆಯ ಹೊರಗಿನ ಬೆಂಚಿನ ಮೇಲೆ ಭಾವ ಕೂತಿದ್ದರು, ಮೊಣಕೈ ಮಡಚಿಕೊಂಡು, ಮುಖ ಬಿಳಿಚಿಕೊಂಡು. ಸೂಜಿ ಕಂಡರೆ ತಲೆತಿರುಗಿ ಬೀಳುವ ಮನುಷ್ಯ ಅವರು. ಆ ಹೆಂಗಸು ಪಕ್ಕದಲ್ಲಿ ನಿಂತು, “ಇನ್ನೊಂದು ಬಿಸ್ಕೀಟ್ ತಿನ್ರಿ ಅಣ್ಣಾರ” ಎನ್ನುತ್ತಿದ್ದಳು.

“ನೀವು ಯಾಕೆ ಬಂದ್ರಿ ಭಾವ?”

“ವಾಪಸ್ ಆದದ್ದೆಲ್ಲ ನನ್ನ ಫೋನಿಗೆ ಬರ್ತದೆ.” ಅವರ ದನಿ ಕ್ಷೀಣವಾಗಿತ್ತು. “ಆಗೋದಿಲ್ಲ ಅಂತ ಹೇಳಿದ ಮೇಲೆ ಆ ರೋಗಿಗೆ ಏನಾಯ್ತು ಅಂತ ನೋಡೋದು ಬೇಡ್ವಾ?”

ಅವರು ಏಳಲು ಹೊರಟರು. ಸೂಜಿ ಚುಚ್ಚದ ತೋಳನ್ನು ಹಿಡಿದುಕೊಂಡೆ.

“ನಿನ್ನ ಅಕ್ಕನಿಗೆ ಹೇಳ್ಬೇಡ. ಹೆದರ್ತಾಳೆ.”

ಟ್ಯಾಕ್ಸಿಯಲ್ಲಿ ಅವರು ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆಹೋದರು. ಮನೆ ಬರುವವರೆಗೂ ನಾನು ಅಲುಗದೆ ಕೂತಿದ್ದೆ.